ಯುದ್ಧದಲ್ಲಿ ಗಾಯಗೊಂಡ ಸೈನಿಕನಿಗೆ ಸಲ್ಲಬೇಕಾದ ಪಿಂಚಣಿ ಮತ್ತು ಆರೈಕೆ: ಉತ್ತರ ಕನ್ನಡದ ಕುಟುಂಬಗಳಿಗೊಂದು ಮಾರ್ಗದರ್ಶಿ

“ಮಗನಿಗೆ ಗಾಯವಾದದ್ದು ಗಡಿಯಲ್ಲಿ, ಆದರೆ ಬರುತ್ತಿರುವುದು ಮಾಮೂಲಿ ಅಂಗವೈಕಲ್ಯ ಪಿಂಚಣಿ. ಇದು ಸರಿಯೇ?” ಅಂಕೋಲಾದಿಂದಲೂ ಕುಮಟಾದಿಂದಲೂ ಶಿರಸಿಯ ಒಳಹಳ್ಳಿಗಳಿಂದಲೂ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ಆಗಿರುತ್ತದೆ. ಸೇನೆಯಲ್ಲಿ ಕ್ಲರ್ಕ್ ಆಗಿ ವರ್ಷಗಟ್ಟಲೆ ಇಂಥ ಕಾಗದಗಳನ್ನೇ ಬರೆದವನಾದ್ದರಿಂದ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಕ್ರಮವಾಗಿ ಹೇಳುತ್ತಿದ್ದೇನೆ. ಗಾಯಾಳುವಿಗೆ ಕೊನೆಗೆ ಎಷ್ಟು ಹಣ ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗಾಯವಾದ ಮೊದಲ ಕೆಲವು ವಾರಗಳಲ್ಲಿ ಘಟಕದ ಕಚೇರಿಯಲ್ಲಿ ತಯಾರಾಗುವ ಮೂರು ನಾಲ್ಕು ಹಾಳೆಗಳು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ಹಾಳೆಗಳ ಕುರಿತೇ ಇದೆ.

ಇದು ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಯವರಿಗೆ ಅನ್ವಯಿಸುವ ವಿವರಣೆ. ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಪಡೆಗಳು ಗೃಹ ಸಚಿವಾಲಯಕ್ಕೆ ಸೇರಿದ್ದು, ಅವರ ಪರಿಹಾರವು ಕೇಂದ್ರ ನಾಗರಿಕ ಸೇವೆಯ ಅಸಾಧಾರಣ ಪಿಂಚಣಿ ನಿಯಮಗಳ ಪ್ರಕಾರ ನಡೆಯುತ್ತದೆ. ಅವರು ಇಲ್ಲಿಯ ಲೆಕ್ಕವನ್ನು ತಮ್ಮದೆಂದು ಭಾವಿಸಬಾರದು.

ಹಂತ 1: ಗಾಯ ಯಾವ ವರ್ಗಕ್ಕೆ ಸೇರುತ್ತದೆ ಎಂದು ತಿಳಿಯಿರಿ

ರಕ್ಷಣಾ ಸಚಿವಾಲಯವು 2001ರ ಜನವರಿ 31ರ ಆದೇಶದಲ್ಲಿ ಸೈನಿಕರ ಸಾವು ಮತ್ತು ವೈಕಲ್ಯಗಳನ್ನು ಎ, ಬಿ, ಸಿ, ಡಿ, ಇ ಎಂಬ ಐದು ವರ್ಗಗಳಾಗಿ ವಿಂಗಡಿಸಿತು. ಸೇವೆಗೂ ಕಾಯಿಲೆಗೂ ಸಂಬಂಧವೇ ಇಲ್ಲದಿದ್ದರೆ ಅದು ಎ ವರ್ಗ. ಸೇವೆಯ ಪರಿಸ್ಥಿತಿಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆ ಬಿ ವರ್ಗಕ್ಕೂ, ಕರ್ತವ್ಯದಲ್ಲಿದ್ದಾಗ ಆದ ಅಪಘಾತ ಸಿ ವರ್ಗಕ್ಕೂ ಸೇರುತ್ತವೆ. ಕಾರ್ಯಾಚರಣೆಯ ಹೊರಗೆ ಭಯೋತ್ಪಾದಕರ ಅಥವಾ ಸಮಾಜವಿರೋಧಿಗಳ ದಾಳಿಯಲ್ಲಿ ಆದದ್ದು ಡಿ ವರ್ಗ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇ ವರ್ಗ. ಯುದ್ಧದಲ್ಲಿ ಶತ್ರುವಿನ ದಾಳಿ ಮತ್ತು ಗಡಿಯ ಚಕಮಕಿ ಮಾತ್ರವೇ ಇದರಲ್ಲಿವೆ ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಪಟ್ಟಿ ಅದಕ್ಕಿಂತ ದೊಡ್ಡದು. ವಿದೇಶದಲ್ಲಿ ಶಾಂತಿಪಾಲನಾ ಪಡೆಯ ಕೆಲಸ, ನೆಲಬಾಂಬುಗಳನ್ನು ಹುಗಿಯುವಾಗ ಅಥವಾ ತೆಗೆಯುವಾಗ ಆದ ಸ್ಫೋಟ, ಕಾರ್ಯಾಚರಣೆಯ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ನಡೆದ ದಾಳಿ, ಉಗ್ರರ ವಿರುದ್ಧದ ಕಾರ್ಯಾಚರಣೆ, ನಿಜವಾದ ಮದ್ದುಗುಂಡು ಬಳಸಿ ನಡೆಸುವ ಯುದ್ಧಾಭ್ಯಾಸ, ಮತ್ತು ಕಾರ್ಗಿಲ್‌ನ ಆಪರೇಷನ್ ವಿಜಯ್‌ನಂತೆ ಸರ್ಕಾರ ವಿಶೇಷವಾಗಿ ಅಧಿಸೂಚಿಸಿದ ಕಾರ್ಯಾಚರಣೆಗಳಲ್ಲಿ ಆದ ಗಾಯ ಇವೆಲ್ಲವೂ ಇ ವರ್ಗಕ್ಕೆ ಬರುತ್ತವೆ. ಕಾರವಾರದ ಕಡಲತಡಿಯಲ್ಲಿ ಪ್ರತಿಮೆಯಾಗಿ ನಿಂತಿರುವ, ಇಲ್ಲೇ ಪಕ್ಕದ ಚೆಂಡಿಯಾದ ರಾಮ ರಾಘೋಬಾ ರಾಣೆಯವರು 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ ಗಾಯಗೊಂಡೂ ಮುಂದುವರಿಸಿದ ನೆಲಬಾಂಬು ತೆರವಿನ ಕೆಲಸಕ್ಕೆ ಪರಮವೀರ ಚಕ್ರ ಬಂತು. ಅಂಥದೇ ಕೆಲಸದಲ್ಲಿ ಇಂದು ಒಬ್ಬ ಸ್ಯಾಪರ್ (ಸೇನೆಯ ಇಂಜಿನಿಯರ್ ದಳದ ಸೈನಿಕ) ಕಾಲು ಕಳೆದುಕೊಂಡರೆ, ಎದುರಿಗೆ ಶತ್ರು ಇರಲಿಲ್ಲ ಎಂಬ ಕಾರಣಕ್ಕೆ ಅದನ್ನು ಬರಿಯ ಅಪಘಾತವೆಂದು ಸಿ ವರ್ಗಕ್ಕೆ ಹಾಕಲು ಬರುವುದಿಲ್ಲ.

ರಜೆಯಲ್ಲಿ ಮನೆಗೆ ಬಂದಾಗ ಆದ ಬೈಕ್ ಅಪಘಾತದ ಬಗ್ಗೆಯೂ ಹಲವರು ಕೇಳುತ್ತಾರೆ. ಸೇವೆಗೂ ಗಾಯಕ್ಕೂ ಕಾರಣದ ಸಂಬಂಧ ತೋರಿಸಲಾಗದಿದ್ದರೆ ಅದಕ್ಕೆ ಅಂಗವೈಕಲ್ಯ ಪಿಂಚಣಿ ಇಲ್ಲವೆಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. ಆದರೆ ಸರ್ಕಾರಿ ಖರ್ಚಿನಲ್ಲಿ ರಜೆಗೆ ಬರುವ ಅಥವಾ ಘಟಕಕ್ಕೆ ಮರಳುವ ಪ್ರಯಾಣದ ಮಾತು ಬೇರೆ, ಅದನ್ನು ಕರ್ತವ್ಯವೆಂದೇ ಎಣಿಸುತ್ತಾರೆ. ಆದ್ದರಿಂದ ರೈಲ್ವೆ ವಾರಂಟ್ ಮತ್ತು ಟಿಕೆಟ್‌ಗಳನ್ನು ಊರು ಮುಟ್ಟಿದ ಮೇಲೂ ಎಸೆಯಬೇಡಿ.

ಹಂತ 2: ಮೊದಲ ವಾರಗಳ ಕಾಗದಗಳನ್ನು ಕೈಗೆ ತೆಗೆದುಕೊಳ್ಳಿ

ಸೈನಿಕನು ಆಸ್ಪತ್ರೆಯಲ್ಲಿರುವಾಗ ಮನೆಯವರು ಮೊದಲು ವಿಚಾರಿಸುವುದು ಅವನ ಜೀವದ ಬಗ್ಗೆ, ಅದು ಸಹಜ. ಆದರೆ ಅದೇ ಹೊತ್ತಿಗೆ ಘಟಕದಲ್ಲಿ ಈ ಕಾಗದಗಳು ಸಿದ್ಧವಾಗುತ್ತಿರುತ್ತವೆ:

ಇಂಜುರಿ ರಿಪೋರ್ಟ್: ಐಎಎಫ್‌ವೈ-2006 ಎಂಬ ನಮೂನೆಯಲ್ಲಿ ಗಾಯದ ಸ್ವರೂಪವನ್ನೂ ಅದು ಆದ ಸಂದರ್ಭವನ್ನೂ ಬರೆಯುವ ವರದಿ.

ಕೋರ್ಟ್ ಆಫ್ ಎನ್‌ಕ್ವೈರಿ: ಘಟನೆ ಹೇಗೆ ನಡೆಯಿತು, ಆಗ ಸೈನಿಕನು ಕರ್ತವ್ಯದಲ್ಲಿದ್ದನೇ ಎಂದು ಸಾಕ್ಷಿಗಳ ಹೇಳಿಕೆ ಪಡೆದು ನಿರ್ಣಯಿಸುವ ಇಲಾಖಾ ವಿಚಾರಣೆ. ಹೆಸರಿನಲ್ಲಿ ಕೋರ್ಟ್ ಎಂದಿದ್ದರೂ ಇದು ನ್ಯಾಯಾಲಯವಲ್ಲ.

ಕ್ಯಾಶುವಲ್ಟಿ ವರದಿ: ಭೂಸೇನೆಯಲ್ಲಿ 2003ರ ಮೊದಲನೇ ಸೇನಾ ಆದೇಶದ ಪ್ರಕಾರ ಗಾಯಾಳುವನ್ನು ‘ಬ್ಯಾಟಲ್ ಕ್ಯಾಶುವಲ್ಟಿ’ (ಕಾರ್ಯಾಚರಣೆಯಲ್ಲಿ ಗಾಯಗೊಂಡವ) ಅಥವಾ ‘ಫಿಸಿಕಲ್ ಕ್ಯಾಶುವಲ್ಟಿ’ (ಇತರ ಕಾರಣದಿಂದ ಗಾಯಗೊಂಡವ) ಎಂದು ಗುರುತಿಸುವ ದಾಖಲೆ. ಘಟಕದ ದೈನಂದಿನ ಆದೇಶ ಪುಸ್ತಕದಲ್ಲೂ, ಅಂದರೆ ‘ಪಾರ್ಟ್ ಟು ಆರ್ಡರ್’ನಲ್ಲೂ, ಇದು ಪ್ರಕಟವಾಗಬೇಕು.

ಇವುಗಳಲ್ಲಿ ಬಳಸುವ ಒಂದೊಂದು ಮಾತಿಗೂ ಬೆಲೆಯಿದೆ. ‘ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು’ ಎಂಬುದೂ ‘ಇಂಥ ಕಾರ್ಯಾಚರಣೆಯಲ್ಲಿ ರಾತ್ರಿ ಗಸ್ತಿನಲ್ಲಿದ್ದಾಗ ಗುಂಡಿನ ದಾಳಿಯಿಂದ ರಕ್ಷಣೆ ಪಡೆಯುವಾಗ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು’ ಎಂಬುದೂ ಒಂದೇ ಘಟನೆಯ ವರ್ಣನೆ ಆಗಿರಬಹುದು, ಆದರೆ ಮೊದಲನೆಯದನ್ನು ಓದಿದ ಲೆಕ್ಕಪತ್ರ ಕಚೇರಿಯವರು ಯುದ್ಧಗಾಯವೆಂದು ಎಂದೂ ಒಪ್ಪುವುದಿಲ್ಲ. ಬರೆಯುವ ಕ್ಲರ್ಕ್‌ಗೆ ಅವಸರ, ಸಹಿ ಹಾಕುವವರಿಗೆ ನೂರು ಕೆಲಸ, ಗಾಯಾಳುವಿಗೆ ಪ್ರಜ್ಞೆಯೇ ಇಲ್ಲ. ಅಂಥ ಹೊತ್ತಿನಲ್ಲಿ ಚಿಕ್ಕ ವಾಕ್ಯವೇ ಗೆಲ್ಲುತ್ತದೆ. ಇದನ್ನು ಆ ಮೇಜಿನ ಹಿಂದೆ ಕೂತವನಾಗಿಯೇ ಹೇಳುತ್ತಿದ್ದೇನೆ.

ಆದ್ದರಿಂದ ಸೈನಿಕನಿಗೆ ಮಾತನಾಡುವಷ್ಟು ಚೇತರಿಕೆಯಾದ ಕೂಡಲೇ ಈ ಮೂರರ ಪ್ರತಿಗಳನ್ನು ಘಟಕದಿಂದ ಲಿಖಿತವಾಗಿ ಕೇಳಲಿ. ಕಾರ್ಯಾಚರಣೆಯ ಹೆಸರು, ಸ್ಥಳ, ದಿನಾಂಕ ಮತ್ತು ಸಮಯ ನಾಲ್ಕೂ ಅದರಲ್ಲಿ ಇವೆಯೇ ಎಂದು ನೋಡಲಿ. ತಪ್ಪಿದ್ದರೆ ಸಾಕ್ಷಿಗಳು ಇನ್ನೂ ಅದೇ ಘಟಕದಲ್ಲಿರುವಾಗಲೇ ತಿದ್ದಿಸಲು ಅರ್ಜಿ ಕೊಡಬೇಕು. ಹತ್ತು ವರ್ಷದ ಮೇಲೆ ಸಾಕ್ಷಿಗಳನ್ನು ಹುಡುಕುತ್ತ ಒಬ್ಬೊಬ್ಬರ ಊರಿಗೆ ಅಲೆಯುವುದು ಸಾಧ್ಯವಾಗುವ ಕೆಲಸವಲ್ಲ.

ದೊಡ್ಡ ಗಾಯದ ನೆರಳಿನಲ್ಲಿ ಸಣ್ಣವು ಮರೆತುಹೋಗದಂತೆಯೂ ಎಚ್ಚರವಿರಲಿ. ಸ್ಫೋಟದಲ್ಲಿ ಕೈ ಹೋದವನ ಕಿವಿಯೂ ಮಂದವಾಗಿರುತ್ತದೆ, ನಿದ್ದೆ ಹಾರಿಹೋಗಿರುತ್ತದೆ, ಸಿಟ್ಟು ಹೆಚ್ಚಿರುತ್ತದೆ. ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳಲು ನಮ್ಮ ಕಡೆಯ ಹುಡುಗರು ನಾಚುತ್ತಾರೆ. ಆಸ್ಪತ್ರೆಯ ದಾಖಲೆಗೆ ಸೇರದ ತೊಂದರೆಯನ್ನು ಮುಂದೆ ಮೆಡಿಕಲ್ ಬೋರ್ಡ್ ಪರಿಗಣಿಸುವುದು ಕಷ್ಟ.

ಕೊನೆಯದಾಗಿ ಒಂದು ಮನೆಮಾತು. ಘಟ್ಟದ ಮೇಲಿನ ಮಳೆಗಾಲದಲ್ಲಿ ಅಟ್ಟದ ಟ್ರಂಕಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಉಳಿದದ್ದನ್ನು ಒರಲೆ ತಿನ್ನುತ್ತದೆ. ಪ್ರತಿಯೊಂದರ ಛಾಯಾಪ್ರತಿ ತೆಗೆಸಿ, ಮೊಬೈಲಿನಲ್ಲೂ ಸ್ಕ್ಯಾನ್ ಮಾಡಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.

ಹಂತ 3: ಮೆಡಿಕಲ್ ಬೋರ್ಡಿನ ದಿನ

ಗಾಯದ ಕಾರಣ ಸೇವೆಯಿಂದ ಕಳುಹಿಸುವಾಗ ನಡೆಯುವುದು ‘ಇನ್ವಾಲಿಡಿಂಗ್ ಮೆಡಿಕಲ್ ಬೋರ್ಡ್’. ಹೀಗೆ ಬಂದವರನ್ನು ನಮ್ಮಲ್ಲಿ ‘ಬೋರ್ಡ್ ಔಟ್ ಆದವರು’ ಎನ್ನುತ್ತಾರೆ. ಗಾಯವಿದ್ದೂ ಹಗುರ ಕೆಲಸದಲ್ಲಿ ಸೇವೆ ಮುಂದುವರಿಸಿ ಅವಧಿ ಮುಗಿಸಿ ಬರುವವರಿಗೆ ‘ರಿಲೀಸ್ ಮೆಡಿಕಲ್ ಬೋರ್ಡ್’ ನಡೆಯುತ್ತದೆ. ಎರಡರ ನಡಾವಳಿಯೂ ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿರುತ್ತದೆ. ಅದರಲ್ಲಿ ನೀವು ನೋಡಬೇಕಾದದ್ದು ಎರಡು ಸಂಗತಿ: ವೈಕಲ್ಯವು ಸೇವೆಯಿಂದ ಆದದ್ದೇ ಎಂಬ ಅಭಿಪ್ರಾಯ, ಮತ್ತು ಶೇಕಡಾವಾರು ಪ್ರಮಾಣ.

ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂಬ ಷರಾವನ್ನು ಸೇನೆಯ ಸಂಕ್ಷಿಪ್ತ ಭಾಷೆಯಲ್ಲಿ ‘ನಾನಾ’ ಎನ್ನುತ್ತಾರೆ. ಕಾಗದದ ಮೇಲೆ ಈ ಅಕ್ಷರಗಳನ್ನು ಕಂಡರೆ ಸುಮ್ಮನೆ ಸಹಿ ಹಾಕಿ ಬರಬೇಡಿ. ಸೇನೆಗೆ ಸೇರುವಾಗ ದಾಖಲಾಗದಿದ್ದ ದೋಷವು ಸೇವೆಯಲ್ಲಿ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದದ್ದೆಂದು ಊಹಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಇಲಾಖೆಯದು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಲವು ಗಾಯಗಳಿದ್ದರೆ ಬೋರ್ಡು ಶೇಕಡಾವಾರುಗಳನ್ನು ಸುಮ್ಮನೆ ಕೂಡಿಸುವುದಿಲ್ಲ, ಒಟ್ಟಾರೆ ಒಂದು ಪ್ರಮಾಣವನ್ನು ನಿಗದಿ ಮಾಡುತ್ತದೆ. ಅವಧಿ ಮುಗಿಸಿ ಬಂದವರಿಗೆ ವೈಕಲ್ಯದ ಅಂಶ ಸಿಗಬೇಕಾದರೆ ಕನಿಷ್ಠ ಶೇ. 20 ಇರಬೇಕು. ಪ್ರಮಾಣ ಒಮ್ಮೆ ನಿಗದಿಯಾದರೆ ಸಾಮಾನ್ಯವಾಗಿ ಅದು ಜೀವನಪರ್ಯಂತದ್ದು, ಮೊದಲಿನಂತೆ ಕೆಲವು ವರ್ಷಕ್ಕೊಮ್ಮೆ ಮರುಪರೀಕ್ಷೆ ಇಲ್ಲ.

ಬೋರ್ಡಿನ ನಡಾವಳಿಯ ಪ್ರತಿ ನಿಮ್ಮ ಹಕ್ಕು. ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ ರೆಕಾರ್ಡ್ಸ್ ಆಫೀಸಿನಿಂದ, ಅಂದರೆ ಸೈನಿಕನ ಸೇವಾ ದಾಖಲೆಗಳನ್ನು ಇಡುವ ಕಚೇರಿಯಿಂದ, ತರಿಸಿಕೊಳ್ಳಿ. ಮರಾಠಾ ಲಘು ಪದಾತಿ ದಳದವರಿಗೆ ಅದು ಬೆಳಗಾವಿಯಲ್ಲಿದೆ, ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿ.

ಹಂತ 4: ಲೆಕ್ಕ ಹಾಕಿ ನೋಡಿ

ಪಿಂಚಣಿಯಲ್ಲಿ ಎರಡು ತುಂಡುಗಳಿವೆ. ಸೇವಾ ಅಂಶವು ಕೊನೆಯ ಸಂಬಳದ ಅರ್ಧದಷ್ಟು. ಕೊನೆಯ ಸಂಬಳವೆಂದರೆ ಮೂಲವೇತನ, ಮಿಲಿಟರಿ ಸೇವಾ ವೇತನ, ಮತ್ತು ಅನ್ವಯಿಸುವವರಿಗೆ ಎಕ್ಸ್ ಗ್ರೂಪ್ ವೇತನ (ತಾಂತ್ರಿಕ ಕಸುಬಿನವರ ಹೆಚ್ಚುವರಿ ವೇತನ) ಹಾಗೂ ಕ್ಲಾಸಿಫಿಕೇಶನ್ ಭತ್ಯೆ (ಕಸುಬಿನ ದರ್ಜೆಗೆ ಸಿಗುವ ಭತ್ಯೆ) ಸೇರಿದ ಮೊತ್ತ. ಸೇವೆಯಿಂದ ಆದ ಗಾಯದಿಂದ ಬೋರ್ಡ್ ಔಟ್ ಆದವರಿಗೆ ಇಷ್ಟು ವರ್ಷ ಸೇವೆ ಆಗಿರಲೇಬೇಕೆಂಬ ಷರತ್ತಿಲ್ಲ.

ಎರಡನೆಯ ತುಂಡಿನಲ್ಲಿ ಭಾರೀ ವ್ಯತ್ಯಾಸವಿದೆ. ಶೇ. 100 ವೈಕಲ್ಯಕ್ಕೆ ಸಾಮಾನ್ಯ ಅಂಗವೈಕಲ್ಯದ ಅಂಶ ಕೊನೆಯ ಸಂಬಳದ ಶೇ. 30. ಇ ವರ್ಗದಲ್ಲಿ ಬೋರ್ಡ್ ಔಟ್ ಆದವನ ಯುದ್ಧಗಾಯದ ಅಂಶ ಕೊನೆಯ ಸಂಬಳದ ಶೇ. 100. ಇ ವರ್ಗದ ಗಾಯವಿದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತನಾದವನಿಗೆ ಶೇ. 60. ವೈಕಲ್ಯ ಕಡಿಮೆಯಿದ್ದರೆ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಇದರ ಜತೆಗೆ ‘ಬ್ರಾಡ್ ಬ್ಯಾಂಡಿಂಗ್’ ಎಂಬ ಪದ ನಿಮ್ಮ ಕಿವಿಗೆ ಬಿದ್ದಿರಬಹುದು. ವೈಕಲ್ಯವನ್ನು ಮೇಲಿನ ಮೆಟ್ಟಿಲಿಗೆ ಏರಿಸಿ ಲೆಕ್ಕ ಹಾಕುವುದೇ ಅದು: 50ಕ್ಕಿಂತ ಕಡಿಮೆ ಇದ್ದದ್ದು 50, 50ರಿಂದ 75ರವರೆಗಿನದು 75, 76ರಿಂದ ಮೇಲಿನದು 100. 1996ರಿಂದ ಬೋರ್ಡ್ ಔಟ್ ಆದವರಿಗಿದ್ದ ಈ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಿತ್ತಿತು.

ಈಗ ಒಂದು ಉದಾಹರಣೆ. ಕೊನೆಯ ಸಂಬಳ 40,000 ರೂಪಾಯಿ ಇದ್ದು ಶೇ. 60 ವೈಕಲ್ಯದಿಂದ ಒಬ್ಬನು ಬೋರ್ಡ್ ಔಟ್ ಆದನೆನ್ನಿ. ಸೇವಾ ಅಂಶ 20,000. ವೈಕಲ್ಯವನ್ನು 75 ಎಂದು ಎಣಿಸಿದರೆ ಸಾಮಾನ್ಯ ಅಂಗವೈಕಲ್ಯದ ಅಂಶ 9,000 ರೂಪಾಯಿ, ಒಟ್ಟು 29,000. ಅದೇ ಗಾಯ ಇ ವರ್ಗದ್ದಾದರೆ ಯುದ್ಧಗಾಯದ ಅಂಶ 30,000, ಒಟ್ಟು 50,000. ತುಟ್ಟಿಭತ್ಯೆಗೆ ಸಮನಾದ ಪರಿಹಾರ ಇವುಗಳ ಮೇಲೆ ಬೇರೆ. ತಿಂಗಳಿಗೆ 21,000 ರೂಪಾಯಿಯ ಈ ಅಂತರಕ್ಕೆ ಕಾರಣ ಎರಡನೆಯ ಹಂತದಲ್ಲಿ ಹೇಳಿದ ಆ ಒಂದು ವಾಕ್ಯ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಗಾಯವಾಗಿಯೂ ಸೇವೆಯಲ್ಲಿ ಉಳಿಯುವವನಿಗೆ ವೈಕಲ್ಯದ ಅಂಶದ ಬದಲಾಗಿ ಒಂದೇ ಗಂಟಿನಲ್ಲಿ ಹಣ ಪಡೆಯುವ ಆಯ್ಕೆಯನ್ನು ಕೊಡುತ್ತಾರೆ. ತಂಗಿಯ ಮದುವೆ, ಮನೆಯ ಮಾಡು, ತೋಟದ ಸಾಲ ಎಂದು ಆ ಹಣವನ್ನು ತೆಗೆದುಕೊಂಡವನಿಗೆ ನಿವೃತ್ತಿಯಾದ ಮೇಲೆ ಆ ಅಂಶ ತಿಂಗಳು ತಿಂಗಳು ಬರುವುದಿಲ್ಲ. ಚಿಕ್ಕ ವಯಸ್ಸಿನವನಿಗೆ ಇದು ಹೆಚ್ಚಾಗಿ ನಷ್ಟದ ವ್ಯವಹಾರವೆಂದೇ ನನ್ನ ಅಭಿಪ್ರಾಯ. ಆಯ್ಕೆಪತ್ರಕ್ಕೆ ಸಹಿ ಹಾಕುವ ಮೊದಲು ಮುಂದಿನ ಮೂವತ್ತು ನಲವತ್ತು ವರ್ಷಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಅಂದಿನಿಂದ ಸೇವೆಯ ಅವಧಿ ಮುಗಿಸಿ ನಿವೃತ್ತರಾಗುವವರ ವೈಕಲ್ಯದ ಮೊತ್ತಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರು ಬಂದಿದೆ. ಅದಕ್ಕೂ ಮೊದಲು ಸೇವೆ ಬಿಟ್ಟವರ ಪ್ರಕರಣಗಳು ಹಳೆಯ ನಿಯಮಗಳಂತೆಯೇ ನಡೆಯಬೇಕು. ಯಾರಾದರೂ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಹಳೆಯ ತೀರ್ಪನ್ನು ಹೊಸ ಪ್ರಕರಣಕ್ಕೂ, ಹೊಸ ಸುತ್ತೋಲೆಯನ್ನು ಹಳೆಯ ಪ್ರಕರಣಕ್ಕೂ ಅಂಟಿಸಬೇಡಿ.

ಅಗ್ನಿವೀರರಿಗೆ ಪಿಂಚಣಿಯ ಈ ಲೆಕ್ಕ ಅನ್ವಯಿಸುವುದಿಲ್ಲ. ಸೇವೆಯಿಂದ ಉಂಟಾದ ವೈಕಲ್ಯ ಶೇ. 100 ಇದ್ದರೆ 44 ಲಕ್ಷ, 75 ಇದ್ದರೆ 25 ಲಕ್ಷ, 50 ಇದ್ದರೆ 15 ಲಕ್ಷ ರೂಪಾಯಿ ಒಂದೇ ಬಾರಿಗೆ ಸಿಗುತ್ತದೆ. ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ವೇತನ ಮತ್ತು ಸೇವಾ ನಿಧಿ (ಅಗ್ನಿವೀರನ ಸಂಬಳದಿಂದ ಕಡಿತವಾದ ಹಣಕ್ಕೆ ಸರ್ಕಾರದ ಪಾಲು ಸೇರಿ ಕೊನೆಗೆ ಬರುವ ಮೊತ್ತ) ಇದರ ಜತೆಗಿವೆ. ಅವರಿಗೂ ಇಂಜುರಿ ರಿಪೋರ್ಟು, ಬೋರ್ಡುಗಳ ದಾರಿ ಇದೇ.

ಹಂತ 5: ಪಿಪಿಒ ಓದಿ, ‘ಸ್ಪರ್ಶ್’ ಖಾತೆ ನೋಡಿಕೊಳ್ಳಿ

ಪಿಪಿಒ ಎಂದರೆ ಪಿಂಚಣಿ ಪಾವತಿ ಆದೇಶ. ಇದು ಬಂದ ದಿನವೇ ಮೂರು ಸಾಲು ಹುಡುಕಿ: ಯುದ್ಧಗಾಯದ ಅಂಶ ಎಂದಿದೆಯೇ ಅಥವಾ ಅಂಗವೈಕಲ್ಯದ ಅಂಶ ಎಂದಿದೆಯೇ, ಶೇಕಡಾವಾರು ಎಷ್ಟು, ಮತ್ತು ಅದು ಜೀವನಪರ್ಯಂತವೇ. ಈಗ ರಕ್ಷಣಾ ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ನಡೆಯುತ್ತದೆ. ಹಳೆಯ ಪಿಂಚಣಿದಾರರನ್ನು ಬ್ಯಾಂಕಿನಿಂದ ಸ್ಪರ್ಶ್‌ಗೆ ವರ್ಗಾಯಿಸುವಾಗ ಹೆಸರಿನ ಅಕ್ಷರ, ಹುಟ್ಟಿದ ದಿನ, ಹೆಂಡತಿಯ ಹೆಸರು ತಪ್ಪಾದ ಉದಾಹರಣೆಗಳಿವೆ. ಆಧಾರ್ ಮತ್ತು ಪಿಪಿಒಗಳಲ್ಲಿ ಒಂದೇ ರೀತಿ ಇರುವಂತೆ ತಿದ್ದಿಸಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲು ಹಳ್ಳಿಯವರು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಸಾಕು, ಇದಕ್ಕಾಗಿ ದೇವಿಮನೆ ಘಟ್ಟ ಇಳಿದು ಕಾರವಾರದವರೆಗೆ ಹೋಗಬೇಕಾಗಿಲ್ಲ.

ಪಿಂಚಣಿಯಲ್ಲದೆ ಸೇನೆಯ ಗುಂಪು ವಿಮೆಯಿಂದಲೂ (ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಬೇರೆ ಬೇರೆ ನಿಧಿಗಳಿವೆ) ಬೋರ್ಡ್ ಔಟ್ ಆದವರಿಗೆ ವೈಕಲ್ಯದ ಮೊತ್ತ ಸಲ್ಲುತ್ತದೆ. ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ.

ಹಂತ 6: ತಿರಸ್ಕಾರವಾದರೆ

ತಿರಸ್ಕಾರದ ಪತ್ರ ಕೈಸೇರಿದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯೂ ಆಗದಿದ್ದರೆ ಎರಡನೆಯ ಮೇಲ್ಮನವಿ ಸಮಿತಿಗೆ ಹೋಗಬೇಕು. ಪತ್ರ ಬಂದ ಅಂಚೆ ಲಕೋಟೆಯನ್ನು ದಿನಾಂಕದ ಮುದ್ರೆಯ ಸಮೇತ ಇಟ್ಟುಕೊಳ್ಳಿ. ಮೇಲ್ಮನವಿಯಲ್ಲಿ ಬಡತನದ ವರ್ಣನೆಗಿಂತ ಇಂಜುರಿ ರಿಪೋರ್ಟಿನ ಯಾವ ಸಾಲು, 2001ರ ಆದೇಶದ ಯಾವ ವರ್ಗಕ್ಕೆ ಹೊಂದುತ್ತದೆ ಎಂಬ ವಿವರಣೆ ಹೆಚ್ಚು ಕೆಲಸ ಮಾಡುತ್ತದೆ.

ಅಲ್ಲಿಂದ ಮುಂದಿನದು 2007ರ ಕಾಯಿದೆಯಡಿ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕವು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ. ಅಂತಿಮ ಆದೇಶವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮ್ಮ ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ, ಆ ಅವಧಿ ಮುಗಿದ ಮೇಲಿನ ಆರು ತಿಂಗಳಲ್ಲಿ ಹಾಕಬಹುದು. ತಡವಾದರೆ ಕಾರಣ ತೋರಿಸಿ ಮನ್ನಿಸುವಂತೆ ಕೋರಲು ಅವಕಾಶವಿದೆ. ಪಿಂಚಣಿ ನಿಲ್ಲದೆ ಮುಂದುವರಿಯುವ ಹಕ್ಕಾದ್ದರಿಂದ ಎಷ್ಟು ವರ್ಷ ಕಳೆದಿದ್ದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ತಡವಾಗಿ ಬಂದವರಿಗೆ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸುತ್ತಾರೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೋರಿಸಿದ ದಾರಿ ಇದು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಡಿ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. 2025ರ ಜುಲೈನಲ್ಲಿ ಆರಂಭವಾದ ವೀರ ಪರಿವಾರ ಸಹಾಯತಾ ಯೋಜನೆಯಡಿ ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವು ಕೇಂದ್ರಗಳನ್ನು ತೆರೆಯಲಾಗುತ್ತಿದೆ. ಬರುವ ಹಿಂಬಾಕಿಯಲ್ಲಿ ಪಾಲು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಹಂತ 7: ಆರೈಕೆ

ಪಿಂಚಣಿ ಶುರುವಾಗುವ ಹೊತ್ತಿಗೇ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸದಸ್ಯತ್ವ ಮಾಡಿಸಿ. 2003ರ ಏಪ್ರಿಲ್‌ನಲ್ಲಿ ಶುರುವಾದ ಈ ಯೋಜನೆಗೆ ಉಳಿದವರು ಒಮ್ಮೆ ವಂತಿಗೆ ಕಟ್ಟಬೇಕು, ಯುದ್ಧದಲ್ಲಿ ಅಂಗವಿಕಲರಾದವರಿಗೆ ಆ ವಂತಿಗೆ ಇಲ್ಲ. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗಳಿಗೂ ಚಿಕಿತ್ಸೆ ಸಿಗುತ್ತದೆ. ಕಾರವಾರದಲ್ಲಿ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇದೆ. ನೌಕಾನೆಲೆಯ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆಯೂ ಅಲ್ಲಿಯೇ ಇದೆ.

ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಹಳೆಯದೆಂದು ನಿಮಗೆ ಗೊತ್ತೇ ಇದೆ. ಹಾಗಾಗಿ ದೊಡ್ಡ ಚಿಕಿತ್ಸೆಗೆ ಕರಾವಳಿಯವರು ಮಣಿಪಾಲ, ಮಂಗಳೂರು, ಗೋವಾಗಳಿಗೂ ಶಿರಸಿ ಸೀಮೆಯವರು ಹುಬ್ಬಳ್ಳಿಗೂ ಓಡಬೇಕಾಗುತ್ತದೆ. ಹೊರಡುವ ಮೊದಲು ಆ ಆಸ್ಪತ್ರೆ ಇಸಿಎಚ್‌ಎಸ್ ಪಟ್ಟಿಯಲ್ಲಿ ಈಗಲೂ ಇದೆಯೇ ಎಂದು ಪಾಲಿಕ್ಲಿನಿಕ್‌ನಲ್ಲಿ ಕೇಳಿ, ರೆಫರಲ್ ಪತ್ರ ಪಡೆಯಿರಿ. ತುರ್ತು ಸಂದರ್ಭದಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಇದನ್ನು ಮರೆತು ಲಕ್ಷಗಟ್ಟಲೆ ಬಿಲ್ಲನ್ನು ಕೈಯಿಂದ ಕಟ್ಟಿದ ಮನೆಗಳಿವೆ. ಮನೆಯಲ್ಲಿ ಸೈನಿಕನೊಬ್ಬನೇ ಅಲ್ಲ, ಇನ್ನೊಬ್ಬರಿಗಾದರೂ ಈ ನಿಯಮ ಗೊತ್ತಿರಬೇಕು, ಏಕೆಂದರೆ ಆಂಬುಲೆನ್ಸ್‌ನಲ್ಲಿ ಮಲಗಿದವನು ಫೋನು ಮಾಡಲಾರ.

ಶೇ. 100 ವೈಕಲ್ಯವಿದ್ದು ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕೆಂದು ಮೆಡಿಕಲ್ ಬೋರ್ಡು ಶಿಫಾರಸು ಮಾಡಿದರೆ ‘ನಿರಂತರ ಪರಿಚಾರಕ ಭತ್ಯೆ’ ಸಿಗುತ್ತದೆ. 2017ರ ಜುಲೈನಿಂದ ಇದು ತಿಂಗಳಿಗೆ 6,750 ರೂಪಾಯಿಗೆ ಏರಿತು, ತುಟ್ಟಿಭತ್ಯೆ ಶೇ. 50 ಏರಿದಾಗಲೆಲ್ಲ ಇದೂ ಶೇ. 25ರಷ್ಟು ಏರಬೇಕು. ಹಗಲಿರುಳು ಎತ್ತಿ ಮಲಗಿಸುವ ಕೆಲಸವನ್ನು ಹೆಂಡತಿಯೋ ತಾಯಿಯೋ ಮಾಡುತ್ತಿದ್ದಾರೆ ಎಂಬುದಕ್ಕೆ ಇದನ್ನು ಕೇಳದೆ ಬಿಡಬೇಡಿ. ಬೋರ್ಡಿನ ನಡಾವಳಿಯಲ್ಲಿ ಪರಿಚಾರಕರ ಕುರಿತ ಪ್ರಶ್ನೆಯ ಎದುರಿನ ಜಾಗ ಖಾಲಿ ಉಳಿಯದಂತೆ ಅಂದೇ ನೋಡಿಕೊಳ್ಳಿ.

ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಮುಂತಾದ ನಾಗರಿಕ ಸೌಲಭ್ಯಗಳಿಗೆ ಸೇನೆಯ ಬೋರ್ಡಿನ ಕಾಗದ ಸಾಲದು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿ ಬೇಕು. ಅದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಕಾರವಾರದ ಕ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಆದಾಯ ತೆರಿಗೆಯ ವಿಷಯದಲ್ಲಿ, ಬೋರ್ಡ್ ಔಟ್ ಆದವರ ಅಂಗವೈಕಲ್ಯ ಪಿಂಚಣಿಗೆ ವಿನಾಯಿತಿ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೆ ಅದು ಇಲ್ಲವೆಂದು 2019ರ ಜೂನ್‌ನಲ್ಲಿ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ.

ಕೈಕಾಲು ಕಳೆದುಕೊಂಡವರಿಗೆ ಪುಣೆಯಲ್ಲಿ 1944ರಿಂದ ಇರುವ ಸೇನೆಯ ಕೃತಕ ಅಂಗ ಕೇಂದ್ರವೇ ಮುಖ್ಯ ಆಸರೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಪುಣೆಯದೇ ಖಡ್ಕಿಯಲ್ಲಿ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. ಮೊದಲ ಮಹಾಯುದ್ಧದ ಗಾಯಾಳುಗಳಿಗಾಗಿ 1917ರಲ್ಲಿ ಹುಟ್ಟಿ ಈಗ ಖಡ್ಕಿಯಲ್ಲಿರುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯು ಅಂಗವಿಕಲ ಸೈನಿಕರಿಗೆ ಕಸುಬಿನ ತರಬೇತಿ ಕೊಡುತ್ತದೆ. ಕೃತಕ ಕಾಲು ಒಮ್ಮೆ ಕೊಟ್ಟರೆ ಮುಗಿಯುವ ವಸ್ತುವಲ್ಲ. ಉಳಿದ ಕಾಲಿನ ತುದಿ ಕ್ರಮೇಣ ತೆಳ್ಳಗಾದಂತೆ ಸಾಕೆಟ್ ಸಡಿಲವಾಗುತ್ತದೆ. ನಮ್ಮ ಸೀಮೆಯ ಸೆಕೆಯಲ್ಲಿ ಬೆವರಿಗೆ ಚರ್ಮ ಸುಲಿಯುತ್ತದೆ, ಅಡಿಕೆ ತೋಟದ ಕೆಸರಿನಲ್ಲಿ ಪಾದದ ಕೀಲು ಬೇಗ ಸವೆಯುತ್ತದೆ. ಹುಣ್ಣಾಗುವವರೆಗೆ ಕಾಯದೆ, ಸಡಿಲವೆನ್ನಿಸಿದ ಕೂಡಲೇ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಪುಣೆಗೆ ಹೊರಡಿ. ಕರಾವಳಿಯವರಿಗೆ ಕೊಂಕಣ ರೈಲಿದೆ, ಶಿರಸಿಯವರಿಗೆ ಹುಬ್ಬಳ್ಳಿಯಿಂದ ಬೆಳಗಾವಿ ಮಾರ್ಗದ ರೈಲು ಅನುಕೂಲ. ಹೋಗುವಾಗ ಹಳೆಯ ಕಾಲನ್ನೂ, ಅದನ್ನು ಕೊಟ್ಟಾಗಿನ ಕಾಗದವನ್ನೂ ಜತೆಗೊಯ್ಯಿರಿ. ಅಳತೆ ತೆಗೆಯುವವರು ಎಲ್ಲಿ ಸವೆದಿದೆ ಎಂದು ಮೊದಲು ಅದನ್ನೇ ತಿರುಗಿಸಿ ನೋಡುತ್ತಾರೆ.